ಅಭಯ ಕೋಣೆ

ಅಭಯಪಟ್ಟಿ ಬಂದ ಮೇಲೆ ಆಸ್ಪತ್ರೆಗಳಲ್ಲಿ ಅಳುವ ಸದ್ದು ನಿಂತಿತು. ಮೊದಲು ಹುಬ್ಬಳ್ಳಿಯ ಹೊರವಲಯದ ಆ ದೊಡ್ಡ ಆಸ್ಪತ್ರೆಯ ಎರಡನೇ ಮಹಡಿಗೆ ಹೋದರೆ ಗೋಡೆಗೆ ಹಣೆ ಹಚ್ಚಿ ನಿಂತವರು, ಹರಕೆ ಹೊರುವವರು, ಮಗುವಿನ ಕಾಲು ಹಿಡಿದುಕೊಂಡು ಕೂತ ತಾಯಂದಿರು ಕಾಣುತ್ತಿದ್ದರು. ಈಗ ಅದೇ ಮಹಡಿಯಲ್ಲಿ ಜನ ಬಸ್ಸಿಗೆ ಕಾಯುವವರಂತೆ ಕೂತಿರುತ್ತಿದ್ದರು. ಹೆಸರು ಕರೆದಾಗ ಎದ್ದು ಅಭಯ ಕೋಣೆಯೊಳಗೆ ಹೋಗುತ್ತಿದ್ದರು. ಆಪರೇಷನ್ನಿಗೆ ಒಪ್ಪಿಗೆಯ ಸಹಿ ಹಾಕಿ, ನಗುತ್ತ ಹೊರಗೆ ಬರುತ್ತಿದ್ದರು.

ಮಂದಾಕಿನಿ ಕಮ್ಮಾರಳಿಗೆ ಈ ಬದಲಾವಣೆ ಮೊದಲು ಹಿಡಿಸಿತ್ತು. ಅವಳು ಬಹಳ ವರ್ಷ ತುರ್ತು ಘಟಕದಲ್ಲಿ ನರ್ಸ್ ಆಗಿದ್ದವಳು. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿದ್ದರೂ ಚಾಕುವಿಗೆ ಅಂಜಿ ಹಾಸಿಗೆಯಿಂದ ಎದ್ದು ಓಡಿಹೋಗಿ, ದಾರಿಯಲ್ಲೇ ಸತ್ತ ಲಾರಿ ಚಾಲಕನನ್ನು ಅವಳು ಕಂಡಿದ್ದಳು. ಹೆದರಿದವರ ಕೈಯಲ್ಲಿ ಪೆನ್ನು ಕೊಟ್ಟು ಬೇಕಾದಲ್ಲಿ ಸಹಿ ಮಾಡಿಸಿಕೊಳ್ಳುವ ಡಾಕ್ಟರರನ್ನೂ ಕಂಡಿದ್ದಳು. ಇಂಥ ಪ್ರಶ್ನೆಗಳು ತಲೆ ತಿಂದಾಗಲೇ ಅವಳು ಕೆಲಸಕ್ಕೆ ರಜೆ ಹಾಕಿ, ಮೂವತ್ತೆಂಟನೇ ವಯಸ್ಸಿನಲ್ಲಿ ಆರೋಗ್ಯ ನೀತಿಶಾಸ್ತ್ರದ ಸ್ನಾತಕೋತ್ತರ ಓದಿಗೆ ಸೇರಿದ್ದು. ಹಲವು ದೇಶಗಳ ವಿದ್ಯಾರ್ಥಿಗಳು ಕೂಡಿ ಓದುವ ಕೋರ್ಸು ಅದು. ಅವರವರ ಊರಿನ ಆಸ್ಪತ್ರೆಯಲ್ಲಿ ಅವರವರು ಕೂತು ನೋಡಬೇಕು. ತರಗತಿಯ ಹೊತ್ತಿಗೆ ಎಲ್ಲರೂ ಪರದೆಯ ಮೇಲೆ ಸೇರಬೇಕು. ಓದು ಮುಗಿಸಿದವರು ಒಪ್ಪಿಗೆ ಅಧಿಕಾರಿಗಳಾಗುತ್ತಿದ್ದರು. ಯಾವ ಆಪರೇಷನ್ನಿಗೂ ಅವರ ಸಹಿ ಇಲ್ಲದೆ ಚಾಕು ಏಳುವಂತಿರಲಿಲ್ಲ.

ಅದಕ್ಕೆ ಕಾರಣವಾದ ನಿಯಮ ದೇಶದೇಶಗಳು ಕೂಡಿ ಒಪ್ಪಿಕೊಂಡದ್ದು: ಭಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಭಯದಲ್ಲಿ ಹೇಳಿದ ‘ಬೇಡ’ ಎಂಬ ಮಾತೂ ಲೆಕ್ಕಕ್ಕಿಲ್ಲ. ಮೆದುಳಿನೊಳಗೆ, ಎರಡೂ ಕಿವಿಗಳ ಒಳಬದಿಗೆ, ಬಾದಾಮಿಯಷ್ಟು ದೊಡ್ಡ ಎರಡು ಗಂಟುಗಳಿವೆ. ಅಪಾಯದ ಸುಳಿವು ಹತ್ತಿದ ಕೂಡಲೇ ಮೈಗೆಲ್ಲ ಗಂಟೆ ಬಾರಿಸುವ ಕೆಲಸ ಅವುಗಳದು. ಹಣೆಗೆ ಕಟ್ಟುವ ಅಭಯಪಟ್ಟಿ ಕಿವಿಗೆ ಕೇಳಿಸದ ಸದ್ದಿನ ಅಲೆಗಳನ್ನು ಅಲ್ಲಿಗೆ ಗುರಿಯಿಟ್ಟು ಬಿಡುತ್ತಿತ್ತು. ಪಟ್ಟಿ ಇರುವಷ್ಟು ಹೊತ್ತು ಗಂಟೆ ಸುಮ್ಮನಿರುತ್ತಿತ್ತು. ಮಂಪರಿಲ್ಲ, ಮರೆವಿಲ್ಲ, ಭಯವೊಂದು ಇರುತ್ತಿರಲಿಲ್ಲ, ಅಷ್ಟೇ. ಶಸ್ತ್ರಚಿಕಿತ್ಸೆಯ ಕೋಣೆಯೊಳಗಿನ ಡಾಕ್ಟರರಿಗೆ ಮಾತ್ರ ಪಟ್ಟಿ ನಿಷಿದ್ಧ. ಅಂಜಿಕೆಯಿಲ್ಲದ ಕೈ ಬೇಕಾದದ್ದಕ್ಕಿಂತ ಆಳಕ್ಕೆ ಕೊಯ್ಯುತ್ತದೆ ಎಂಬುದು ಬೇಗನೆ ಗೊತ್ತಾಗಿತ್ತು. ಅದರಿಂದ ಬೇರೆ ಪಾಠವನ್ನು ಯಾರೂ ಕಲಿಯಲಿಲ್ಲ.

ಮಂದಾಕಿನಿಗೆ ಮೊದಲ ಸಂಶಯ ಹುಟ್ಟಿದ್ದು ಬೆಟಗೇರಿಯ ನೇಕಾರ ತಿಪ್ಪಣ್ಣನಿಂದ. ಅವನು ಅಭಯ ಕೋಣೆಯಲ್ಲಿ ಕೂತಿದ್ದಾಗ ಅವಳು ಗಾಜಿನಾಚೆಯಿಂದ ನೋಡುತ್ತಿದ್ದಳು. ಒಪ್ಪಿಗೆ ಅಧಿಕಾರಿ ಡಾ. ನಿರಂಜನ ಕೌಜಲಗಿ ಮೆತ್ತನೆಯ ದನಿಯ ಮನುಷ್ಯ. ದಿನವಿಡೀ ಪಟ್ಟಿ ಕಟ್ಟಿಕೊಂಡೇ ಇರುತ್ತಿದ್ದರು. ಅಧಿಕಾರಿಯ ಭಯ ರೋಗಿಗೆ ಅಂಟಬಾರದೆಂಬುದು ನಿಯಮ. ಅವರು ಕೇಳಿದರು: “ಹಿಂದ ಯಾವುದರ ಔಷಧಿ, ಇಂಜೆಕ್ಷನ್ ಮೈಗೆ ಒಗ್ಗದ ಇದ್ದದ್ದು ಐತೇನ್ರಿ?”

“ಇಲ್ರಿ,” ಎಂದ ತಿಪ್ಪಣ್ಣ.

ಪಟ್ಟಿ ಬಿಚ್ಚಿ ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಅವನು ಓಡುತ್ತ ಬಂದು ಮಂದಾಕಿನಿಯ ಕೈ ಹಿಡಿದುಕೊಂಡ. ಅವನ ಅಂಗೈ ಒದ್ದೆಯಾಗಿತ್ತು. “ಬಾಯಾರ, ಆ ಸ್ಕ್ಯಾನಿಂಗಿನ ಬಣ್ಣದ ಔಷಧಿ ನನಗ ಹಾಕಬ್ಯಾಡ್ರಿ. ಹೋದ ಸಲ ಹಾಕಿದಾಗ ಉಸರ ನಿಂತಿತ್ತು. ಬದುಕಿದ್ದಽ ಹೆಚ್ಚು.”

“ಒಳಗ ಕೇಳಿದ್ರಲ್ಲ ಅಜ್ಜಾರ, ಆವಾಗ ನೆನಪಾಗಲಿಲ್ಲೇನು?”

“ನೆನಪಿತ್ತವಾ. ಹೇಳಬೇಕು ಅನಸಲಿಲ್ಲ.”

ಆ ಮಾತು ಅವಳನ್ನು ಬಿಡಲಿಲ್ಲ. ಮುಂದಿನ ತರಗತಿಯಲ್ಲಿ ಅವಳು ಅದನ್ನು ಎತ್ತಿದಳು. ಉತ್ತರ ಯುರೋಪಿನ ಯಾವುದೋ ಊರಿನಿಂದ ಪಾಠ ಮಾಡುತ್ತಿದ್ದ ಪ್ರೊಫೆಸರ್ ಲಿಂಡ್‌ಹೋಮ್ ತಾಳ್ಮೆಯಿಂದ ಕೇಳಿ, ಒಬ್ಬ ಮುದುಕನ ಮಾತಿನಿಂದ ನಿಯಮ ಕೆಡವಲಾಗದು, ಭಯದಿಂದ ಸತ್ತವರ ಸಂಖ್ಯೆ ನೆನಪಿರಲಿ ಎಂದರು. ಪರದೆಯ ಒಂದು ಮೂಲೆಯಲ್ಲಿ ಕೀನ್ಯಾದ ಕಿಸುಮು ಊರಿನ ಅಕಿನ್ಯಿ ಮಾತ್ರ ತಲೆಯೆತ್ತಿ ನೋಡಿದಳು. ಅವಳೂ ಹಿಂದೆ ಸೂಲಗಿತ್ತಿಯರ ಜೊತೆ ಕೆಲಸ ಮಾಡಿದ ನರ್ಸ್. ತರಗತಿ ಮುಗಿದ ಕೂಡಲೇ ಅವಳ ಫೋನ್ ಬಂತು.

“ನಮ್ಮಲ್ಲೂ ಒಬ್ಬಾಕೆ,” ಎಂದಳು ಅಕಿನ್ಯಿ ತನ್ನ ನಿಧಾನದ ಇಂಗ್ಲಿಷಿನಲ್ಲಿ. “ಹಿಂದಿನ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವಂತಾಗಿದ್ದಳು. ಪಟ್ಟಿ ಕಟ್ಟಿ ಕೇಳಿದರೆ, ಹೆರಿಗೆ ಸುಸೂತ್ರವಾಯಿತು ಅಂದಳು. ಸುಳ್ಳು ಹೇಳಲಿಲ್ಲ ಅವಳು. ಅವಳಿಗೆ ಅದು ದೊಡ್ಡದೆನಿಸಲಿಲ್ಲ. ಮಂದಾ, ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ನಮಗೆ ಹೇಳುವುದು ಭಯವೇ ಇರಬೇಕು.”

“ಆ ಹೆಂಗಸು ಈಗ?”

“ಮಗು ಉಳಿಯಿತು,” ಎಂದಳು ಅಕಿನ್ಯಿ.

ಅದೇ ದಿನಗಳಲ್ಲಿ ಅವಳ ತಂಗಿ ಕಸ್ತೂರಿಯ ಮನೆಯಲ್ಲಿ ಬೇರೊಂದು ಕಷ್ಟ ನಡೆದಿತ್ತು. ಕಸ್ತೂರಿಯ ಗಂಡ ಮುತ್ತಣ್ಣ ಬಸ್ ಕಂಡಕ್ಟರ್. ಅವನ ತಂಗಿ ಸುನಂದಾಳಿಗೆ ಲಿವರ್ ಕೆಟ್ಟು ಕಣ್ಣು, ಉಗುರು ಎಲ್ಲ ಅರಿಸಿನವಾಗಿದ್ದವು. ಬದುಕಬೇಕಾದರೆ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು. ಮುತ್ತಣ್ಣನ ರಕ್ತ ಹೊಂದಲಿಲ್ಲ, ತಾಯಿಯದು ಹೊಂದಲಿಲ್ಲ. ಹೊಂದಿದ್ದು ಕಸ್ತೂರಿಯದು.

ಮಂದಾಕಿನಿ ಹಳೇ ಹುಬ್ಬಳ್ಳಿಯ ಆ ಮನೆಗೆ ಹೋದಾಗ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಸುನಂದಾ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ಕಸ್ತೂರಿ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಪರವಾಗಿ ಅತ್ತೆಯ ಎದುರು ನಿಂತವಳು ಈ ಸುನಂದಾ.

“ವೈನಿ ನನಗ ಜೀವಾ ಕೊಡಾಕತ್ತಾರ್ರಿ ಅಕ್ಕಾರ,” ಎಂದಳು ಸುನಂದಾ. ನಗಲು ಹೋದಳು, ಆಗಲಿಲ್ಲ.

ಕಸ್ತೂರಿ ಅಕ್ಕನನ್ನು ಹಿತ್ತಲಿಗೆ ಕರೆದೊಯ್ದು ಹಿಟ್ಟಿನ ಕೈಯಲ್ಲೇ ಅವಳ ಸೆರಗು ಹಿಡಿದಳು. “ಅಕ್ಕಾ, ಕೊಡೂ ಮನಸೈತಿ. ಖರೇನ ಐತಿ. ಆದ್ರ ಆ ಗ್ಯಾಸ್… ಅವ್ವಗ ಆದಂಗ ನನಗಾದ್ರ?”

ಅವ್ವನ ಸಾವನ್ನು ಇಬ್ಬರೂ ಮರೆತಿರಲಿಲ್ಲ. ಗದಗಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶದ ಆಪರೇಷನ್. ಅರಿವಳಿಕೆಯ ಗ್ಯಾಸ್ ಕೊಟ್ಟ ಕೂಡಲೇ ಅವ್ವನ ದವಡೆ ಕಚ್ಚಿಕೊಂಡು, ಮೈ ಕೊರಡಿನಂತೆ ಸೆಟೆದು, ಜ್ವರ ಏರುತ್ತಲೇ ಹೋಗಿತ್ತು. ಹೊರಗೆ ತಂದ, ಇನ್ನೂ ಸುಡುತ್ತಿದ್ದ ಹೆಣವನ್ನು ಮುಟ್ಟಿದ ಕಸ್ತೂರಿ ಕೈ ಹಿಂದಕ್ಕೆಳೆದುಕೊಂಡಿದ್ದಳು. ಹೃದಯ ನಿಂತಿತು ಎಂದಷ್ಟೇ ಡಾಕ್ಟರು ಹೇಳಿದ್ದರು. ಅದಾದ ಎರಡು ವರ್ಷಕ್ಕೆ ಕಸ್ತೂರಿಗೆ ಗಂಟಲ ಗಡ್ಡೆಯ ಆಪರೇಷನ್ ಆದಾಗ ಅವಳ ದವಡೆಯೂ ಹಾಗೇ ಕಚ್ಚಿಕೊಂಡಿತ್ತು. ಹೆದರಿದ ಡಾಕ್ಟರು ಗ್ಯಾಸ್ ನಿಲ್ಲಿಸಿದ್ದರಿಂದ ಉಳಿದಳು. ಕೆಲವು ಮನೆತನಗಳ ಸ್ನಾಯುಗಳಿಗೆ ಆ ಗ್ಯಾಸ್ ವಿಷವಾಗುತ್ತದೆ, ರಕ್ತದಲ್ಲೇ ಅದು ಇಳಿದು ಬರುತ್ತದೆ ಎಂದು ಮಂದಾಕಿನಿ ಆಮೇಲೆ ನರ್ಸಿಂಗ್ ಓದುವಾಗ ತಿಳಿದುಕೊಂಡಿದ್ದಳು.

“ಅದಕ್ಕ ಉಪಾಯ ಐತಿ, ಅಂಜಬ್ಯಾಡ,” ಎಂದಳು. “ಗ್ಯಾಸ್ ಬಿಟ್ಟು ಬ್ಯಾರೆ ಔಷಧಿ ನರದಾಗ ಕೊಟ್ಟು ಮಾಡ್ತಾರ. ಆದ್ರ ಅವರಿಗೆ ಗೊತ್ತಿರಬೇಕು. ಒಪ್ಪಿಗಿ ಕೇಳೂ ದಿನಾ ನಾನೂ ಬರ್ತೀನಿ. ಎಲ್ಲಾಕಿಂತ ಮೊದಲ ಇದನ್ನ ಹೇಳೂಣು.”

“ಮರ್ತರ?”

“ಮರೀತೀಯೇನು ನೀನು?”

“ಸತ್ರೂ ಮರಿಯಂಗಿಲ್ಲ,” ಎಂದಳು ಕಸ್ತೂರಿ.

ಒಪ್ಪಿಗೆಯ ದಿನ ಮುಂದಿನ ವಾರಕ್ಕಿತ್ತು. ಆದರೆ ಸುನಂದಾ ಒಂದು ಬೆಳಗ್ಗೆ ರಕ್ತ ವಾಂತಿ ಮಾಡಿಕೊಂಡಳು. ಆಸ್ಪತ್ರೆಯವರು ಇವತ್ತೇ ಆಗಬೇಕೆಂದರು. ಮಂದಾಕಿನಿ ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ತರಗತಿಯಲ್ಲಿದ್ದಳು. ಫೋನ್ ಸದ್ದು ನಿಲ್ಲಿಸಿದ್ದಳು. ಬಿಡುವಿನಲ್ಲಿ ನೋಡಿದರೆ ಮುತ್ತಣ್ಣನ ಕರೆಗಳ ಸಾಲು. ಅವಳು ಕಸ್ತೂರಿಗೇ ಮಾಡಿದಳು.

“ಅಕ್ಕಾ! ಎಲ್ಲಾ ಮುಗೀತ ನೋಡು. ಸಹಿ ಮಾಡಿದೆ. ಇನ್ನ ಸ್ವಲ್ಪ ಹೊತ್ತಿಗೆ ಒಳಗ ಕರ್ಕೊಂಡು ಹೋಗ್ತಾರಂತ, ಅಲ್ಲೀತನಕ ಪಟ್ಟಿ ಬಿಚ್ಚಂಗಿಲ್ಲಂತ.” ಕಸ್ತೂರಿಯ ದನಿ ಮದುವೆಮನೆಯಿಂದ ಮಾತಾಡಿದಂತಿತ್ತು.

“ಗ್ಯಾಸಿನ ವಿಷಯ ಹೇಳಿದೇನು?”

“ಕೇಳಿದ್ರು, ಹಿಂದ ಏನರ ತ್ರಾಸಾಗಿತ್ತೇನಂತ. ಇಲ್ಲಂದೆ.”

“ಕಸ್ತೂರಿ! ಅವ್ವ…”

“ಅವ್ವನ್ನ ನೆನಪೈತಿ ಬಿಡು. ಅದರಾಗ ಹೇಳೂದೇನೈತಿ?” ನಕ್ಕು, ಫೋನ್ ಇಟ್ಟುಬಿಟ್ಟಳು.

ಮಂದಾಕಿನಿ ಮೆಟ್ಟಿಲು ಇಳಿದದ್ದೇ ತಿಳಿಯಲಿಲ್ಲ. ಎರಡನೇ ಮಹಡಿಯ ಮೇಜಿನ ಹಿಂದೆ ಕೂತಿದ್ದ ಹುಡುಗಿಯ ಎದುರು ಏದುಸಿರು ಬಿಡುತ್ತ ನಿಂತಳು. “ನನ್ನ ತಂಗಿ. ಕಸ್ತೂರಿ. ಆಕಿಗೆ ಗ್ಯಾಸ್ ಕೊಡಬಾರದು. ಅರಿವಳಿಕೆ ಡಾಕ್ಟರಿಗೆ ಫೋನ್ ಹಚ್ಚು.”

ಮೇಜಿನ ಮೇಲಿನ ಭಯಮಾಪಕದ ದೀಪ ಕೆಂಪಾಯಿತು. ಹುಡುಗಿಯ ಹಣೆಯ ಮೇಲೂ ಪಟ್ಟಿಯಿತ್ತು. “ಮೇಡಂ, ನಿಮ್ದು ಕೆಂಪ ಬರಾಕತ್ತೈತಿ. ಹಿಂಗಿದ್ದಾಗ ಹೇಳಿದ್ದನ್ನ ನಾವು ತಗೊಳ್ಳಂಗಿಲ್ಲ. ಒಳಗ ಹೋಗಿ ಪಟ್ಟಿ ಕಟ್ಟಿಕೊಂಡು ಹೇಳ್ರಿ, ಬರಕೋತಾರ.”

“ನಾನು ಇದಽ ಆಸ್ಪತ್ರ್ಯಾಗ ನರ್ಸ್ ಇದ್ದಾಕಿ!”

“ಗೊತ್ರಿ ಮೇಡಂ,” ಎಂದು ಅವಳು ಮಧುರವಾಗಿ ನಕ್ಕಳು.

ಆಪರೇಷನ್ ಥಿಯೇಟರಿನ ಬಾಗಿಲು ಕಾರ್ಡಿಲ್ಲದೆ ತೆರೆಯುತ್ತಿರಲಿಲ್ಲ. ಮಂದಾಕಿನಿಯ ಕಾರ್ಡು ರಜೆ ಹಾಕಿದ ದಿನವೇ ರದ್ದಾಗಿತ್ತು. ಒಳಗಿರುವವರ ಫೋನುಗಳು ಹೊರಗೆ ಪೆಟ್ಟಿಗೆಯಲ್ಲಿದ್ದವು. ಆ ಮಹಡಿಯಿಂದ ಥಿಯೇಟರಿಗೆ ನೇರವಾಗಿ ಮಾತಾಡುವ ಸಾಧನ ಇದ್ದದ್ದು ಒಂದೇ ಕಡೆ: ಅಭಯ ಕೋಣೆಯ ಗೋಡೆಯ ಮೇಲೆ. ಕೋಣೆಗೆ ಹೋಗಬೇಕಾದರೆ ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿ ಕಟ್ಟಿಕೊಂಡರೆ?

ಅವಳು ಅಕಿನ್ಯಿಗೆ ಫೋನ್ ಮಾಡಿದಳು. ವಿಷಯವನ್ನು ಹೇಗೋ ಹೇಳಿ ಮುಗಿಸಿ, “ಒಳಗೆ ಹೋದಮೇಲೆ ನನಗೂ ಹೇಳಬೇಕು ಅನ್ನಿಸುವುದಿಲ್ಲ, ಅಕಿನ್ಯಿ. ನಾನೂ ನಕ್ಕು ಹೊರಗೆ ಬರುತ್ತೇನೆ,” ಎಂದಳು. ಅಳು ಬಂತು.

“ಕೇಳು,” ಎಂದಳು ಅಕಿನ್ಯಿ. “ನಿನಗೆ ಏನನ್ನಿಸುತ್ತದೆ ಅನ್ನುವುದನ್ನು ನಂಬಬೇಡ. ನನಗೆ ಮಾತು ಕೊಡು. ಗ್ಯಾಸ್ ಕೊಡುವ ಡಾಕ್ಟರಿಗೆ, ಕಣ್ಣೆದುರು ನಿಲ್ಲಿಸಿಕೊಂಡು, ನಿನ್ನ ತಾಯಿ ಹೇಗೆ ಸತ್ತಳೆಂದು ಹೇಳದೆ ಆ ಕೋಣೆಯಿಂದ ಹೊರಗೆ ಬರುವುದಿಲ್ಲ ಅಂತ. ಬೇಕೆನಿಸಲಿ, ಬಿಡಲಿ.”

“ಮಾತು ಕೊಟ್ಟೆ.”

“ಇನ್ನೊಮ್ಮೆ.”

“ಮಾತು ಕೊಟ್ಟೆ, ಅಕಿನ್ಯಿ.”

ಫೋನ್ ಇಟ್ಟು ಅವಳು ಒಳಗೆ ಹೋದಳು.

ಪಟ್ಟಿ ತಣ್ಣಗಿತ್ತು. ಮೊದಲು ಏನೂ ಆಗಲಿಲ್ಲ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆಮೇಲೆ ಅದು ಯಾಕೆ ಹಾಗೆ ಹೊಡೆದುಕೊಳ್ಳುತ್ತಿದೆ ಎಂದು ಅವಳಿಗೇ ವಿಚಿತ್ರವೆನಿಸಿತು. ಯಾವುದೂ ಮರೆತಿರಲಿಲ್ಲ. ಅವ್ವನ ಕಚ್ಚಿದ ದವಡೆ, ಹಣೆಯ ಸುಡುವ ಚರ್ಮ, ಎಲ್ಲ ಇದ್ದಲ್ಲೇ ಇದ್ದವು, ಯಾರದೋ ಮನೆಯ ಗೋಡೆಯ ಮೇಲಿನ ಫೋಟೋಗಳಂತೆ. ಕೋಣೆ ಚೆನ್ನಾಗಿತ್ತು. ತಿಳಿಹಸಿರು ಗೋಡೆ, ಕಿಟಕಿಯಲ್ಲಿ ಬಿಸಿಲು. ಕಸ್ತೂರಿ ಆಪರೇಷನ್ನಿನ ಗೌನ್ ತೊಟ್ಟು ಗಾಲಿಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

“ಅಕ್ಕಾ, ನೀ ಯಾಕ ಬಂದಿ? ಎಷ್ಟ ಬೆವತೀ ನೋಡು.”

“ಓಡಿ ಬಂದೆ. ಅವ್ವನ ವಿಷಯ ಹೇಳಾಕ.”

“ಅವ್ವ ಸತ್ತದ್ದೇನು? ಹೌದಲ್ಲ, ಮೈ ಕಾದ ಹಂಚಿನಂಗ ಆಗಿತ್ತು,” ಎಂದಳು ಕಸ್ತೂರಿ, ನಿನ್ನೆಯ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಎನ್ನುವ ದನಿಯಲ್ಲಿ.

ಡಾ. ಕೌಜಲಗಿ ಎದುರಿನ ಕುರ್ಚಿ ತೋರಿಸಿದರು. “ಕೂಡ್ರಿ ಮಂದಾಕಿನಿ. ನಿಮ್ಮ ತಕರಾರು ಏನು?”

“ನಮ್ಮ ತಾಯಿ ಆಪರೇಷನ್ ಟೇಬಲ್ ಮ್ಯಾಲ ತೀರಿಕೊಂಡ್ಲು. ಗ್ಯಾಸ್ ಕೊಟ್ಟಾಗ. ಇಕಿಗೂ ಒಮ್ಮೆ ದವಡಿ ಕಚ್ಚಿಕೊಂಡಿತ್ತು.”

“ಹೌದೇನು,” ಎಂದರು ಅವರು ಆಸಕ್ತಿಯಿಂದ. ಬರೆದುಕೊಂಡರು. “ಮತ್ತ?”

“ಇಷ್ಟ.”

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಾವಿನ ಸುದ್ದಿ ನಡುವೆ ಬಂದು ಕೂತಿತ್ತು. ಯಾರಿಗೂ ಅದನ್ನು ಎಬ್ಬಿಸಬೇಕೆನಿಸಲಿಲ್ಲ.

“ಹಂಗಾರ ತಕರಾರು ಇಲ್ಲಂತ ಬರೀಲೇನು?”

“ಬರೀರಿ,” ಎಂದಳು ಮಂದಾಕಿನಿ.

ಅವಳು ಎದ್ದಳು. ತಂಗಿಯ ಕೆನ್ನೆ ಸವರಿ ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಅಕಿನ್ಯಿಗೆ ಕೊಟ್ಟ ಮಾತು ನೆನಪಾಯಿತು. ಅದೂ ಹೆಚ್ಚಿನದೇನೂ ಆಗಿ ಕಾಣಲಿಲ್ಲ, ಪಕ್ಕದ ಮನೆಯವರಿಗೆ ಡಬ್ಬಿ ವಾಪಸು ಕೊಡುವುದು ಉಳಿದಿದೆ ಎನ್ನುವಂತೆ. ಹೇಳಿದ್ದಾಯಿತಲ್ಲ ಎಂದುಕೊಂಡಳು. ಆದರೆ ಗ್ಯಾಸ್ ಕೊಡುವ ಡಾಕ್ಟರನ್ನು ಕಣ್ಣೆದುರು ನಿಲ್ಲಿಸಿಕೊಂಡು ಎಂದು ಅಕಿನ್ಯಿ ಹೇಳಿದ್ದಳು. ತಾನು ಹಾಗೆ ಹೇಳಿರಲಿಲ್ಲ. ಇದರಿಂದ ಏನೂ ಆಗುವುದಿಲ್ಲವೆಂದು ಅವಳಿಗೆ ಖಚಿತವಾಗಿ ಅನ್ನಿಸಿತು. ಅನ್ನಿಸಿದ್ದನ್ನು ನಂಬಬೇಡ ಎಂದಿದ್ದಳು ಆಕೆ. ಮಂದಾಕಿನಿ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಅದು ಭಯದಿಂದ ಬಂದ ಗುಣವಾಗಿರಲಿಲ್ಲವೋ ಏನೋ, ಪಟ್ಟಿ ಅದನ್ನು ಮುಟ್ಟಿರಲಿಲ್ಲ.

ಅವಳು ತಿರುಗಿ ಬಂದು ಗೋಡೆಯ ಮೇಲಿನ ಗುಂಡಿ ಒತ್ತಿದಳು. “ಅರಿವಳಿಕೆ ಡಾಕ್ಟರು ಇಲ್ಲಿಗೆ ಬರಬೇಕು.”

“ಅವಶ್ಯ ಐತೇನ್ರಿ?” ಎಂದರು ಕೌಜಲಗಿ.

“ನನಗ ಹಂಗೇನ ಅನಸಂಗಿಲ್ಲ,” ಎಂದಳು ಅವಳು ಪ್ರಾಮಾಣಿಕವಾಗಿ. “ಆದ್ರ ಮಾತು ಕೊಟ್ಟೀನಿ.”

ಡಾ. ನಫೀಸಾ ಹೊಂಬಳ ಬಾಗಿಲಲ್ಲಿ ಕಾಣಿಸಿಕೊಂಡರು. ಬಿಳಿಗೂದಲು ಟೊಪ್ಪಿಗೆಯಿಂದ ಇಣುಕುತ್ತಿತ್ತು. ಹಣೆ ಬರಿದಾಗಿತ್ತು. “ಬೇಗ ಹೇಳ್ರಿ, ಒಳಗ ಪೇಷಂಟ್ ಅದಾಳ.”

ಮಂದಾಕಿನಿ ಹೇಳಿದಳು. ದವಡೆ ಹೇಗೆ ಕಚ್ಚಿಕೊಂಡಿತು, ಮೈ ಹೇಗೆ ಸೆಟೆಯಿತು, ಮುಟ್ಟಿದ ಕೈ ಹೇಗೆ ಸುಟ್ಟಿತು, ತಂಗಿಗೆ ಏನಾಗಿತ್ತು ಎಂದು, ಅಂಗಡಿಯಲ್ಲಿ ಸಾಮಾನು ಹೇಳುವಂತೆ. ಹೇಳುತ್ತಿದ್ದಂತೆ ಆ ಹೆಂಗಸಿನ ಮುಖದಲ್ಲಿ ಏನೋ ಆಗುತ್ತಿದ್ದುದನ್ನು ಕಂಡಳು. ತುಟಿಯ ಬಣ್ಣ ಇಳಿಯಿತು. ಕಣ್ಣು ಅಗಲವಾದವು. ಕೈ ತಾನಾಗಿ ಬಾಗಿಲ ಚೌಕಟ್ಟು ಹಿಡಿಯಿತು. ಎಷ್ಟು ಹೆದರಿದ್ದಾರೆ ಇವರು, ಎಂದು ಮಂದಾಕಿನಿ ಬೆರಗಾದಳು.

“ಯಾ ಅಲ್ಲಾ,” ಎಂದರು ಡಾ. ನಫೀಸಾ. ಆಮೇಲೆ ಕಿರುಚಿದರು. “ನಿಲ್ಲಸ್ರಿ! ಎಲ್ಲಾ ನಿಲ್ಲಸ್ರಿ! ನಾ ಸಿಲಿಂಡರ್ ಜೋಡಿಸಿ ಬಂದೀನಿ. ಕೌಜಲಗಿ, ಇದನ್ನ ಬರಕೊಂಡು ಸುಮ್ಮನ ಕುಂತಿದ್ರೇನ್ರಿ? ಬಿಚ್ಚ್ರಿ ಆ ಪಟ್ಟಿ! ಎಲ್ಲಾರೂ ಬಿಚ್ಚ್ರಿ!”

ಅವರೇ ಬಂದು ಮಂದಾಕಿನಿಯ, ಕಸ್ತೂರಿಯ ಹಣೆಯಿಂದ ಪಟ್ಟಿಗಳನ್ನು ಕಿತ್ತರು.

ಭಯ ಒಂದೇ ಸಲಕ್ಕೆ ಬಂತು. ತಡೆದು ನಿಲ್ಲಿಸಿದ್ದ ಕಾಲುವೆಯ ಬಾಗಿಲು ಎತ್ತಿದಂತೆ. ‘ಬರೀರಿ’ ಎಂದ ತನ್ನದೇ ದನಿ ಕಿವಿಯಲ್ಲಿ ಕೇಳಿಸಿತು. ಮಂದಾಕಿನಿ ಮೂಲೆಯ ಬೇಸಿನ್ನಿಗೆ ಹೋಗಿ ವಾಂತಿ ಮಾಡಿಕೊಂಡಳು. ಹಿಂದೆ ಕಸ್ತೂರಿ ಕಿರುಚುತ್ತಿದ್ದಳು. ಗಾಲಿಕುರ್ಚಿಯಿಂದ ಕೆಳಗೆ ಬಿದ್ದು, ಗೌನಿನ ಅಂಚು ಹಿಡಿದುಕೊಂಡು, ಅಕ್ಕನ ಕಡೆ ತೆವಳುತ್ತಿದ್ದಳು. ಮಂದಾಕಿನಿ ಅವಳನ್ನು ಅವಚಿಕೊಂಡಳು.

“ಎಲ್ಲಾ ನೆನಪಿತ್ತಲ್ಲ ಅಕ್ಕಾ. ಕೇಳಿದ್ರು, ನಾನಽ ಇಲ್ಲಂದೆ. ಆವಾಗ ನಾ ಎಲ್ಲಿ ಹೋಗಿದ್ದೆ? ಹೇಳು, ನಾ ಎಲ್ಲಿ ಹೋಗಿದ್ದೆ?”

ಡಾ. ಕೌಜಲಗಿ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ತಮ್ಮ ಪಟ್ಟಿಯನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಣೆಯ ಮೇಲೆ ಅದರ ಗುರುತು ಬಿಳಿ ಗೆರೆಯಾಗಿ ಕೂತಿತ್ತು. ಅವರು ಬಾಗಿಲ ಕಡೆಗೇ ನೋಡುತ್ತಿದ್ದರು, ಅಲ್ಲಿಂದ ನಗುತ್ತ ಹೋದವರೆಲ್ಲ ತಿರುಗಿ ಬರುತ್ತಾರೇನೋ ಎನ್ನುವಂತೆ.

ಆಪರೇಷನ್ ಆ ದಿನ ನಡೆಯಲಿಲ್ಲ. ಡಾ. ನಫೀಸಾ ಹೊರಗೆ ಬಂದು ಎಲ್ಲರಿಗೂ ತಿಳಿಸಿ ಹೇಳಿದರು. ಗ್ಯಾಸ್ ಸೋಕದ ಬೇರೆ ಯಂತ್ರ ಬೇಕು. ಅಕಸ್ಮಾತ್ ಮೈ ಕಾದರೆ ತಣಿಸುವ ಔಷಧಿಯೊಂದಿದೆ. ಅದು ಬೆಂಗಳೂರಿನಿಂದ ಬರಬೇಕು, ನಾಳೆ ಮಧ್ಯಾಹ್ನಕ್ಕೆ ತರಿಸಬಹುದು. ಸುನಂದಾಳನ್ನು ಅಲ್ಲಿಯವರೆಗೆ ಹೇಗಾದರೂ ಉಳಿಸಿಕೊಳ್ಳಲು ನೋಡುತ್ತೇವೆ. “ಆದ್ರ ಕಸ್ತೂರಿ ಇನ್ನೊಮ್ಮೆ ವಿಚಾರ ಮಾಡಬೇಕು. ಅಪಾಯ ಇಲ್ಲಽ ಇಲ್ಲ ಅಂತ ನಾ ಹೇಳೂದಿಲ್ಲ,” ಎಂದರು.

ಮುತ್ತಣ್ಣ ಗೋಡೆಗೆ ಒರಗಿ ನಿಂತಿದ್ದ. ಒಂದು ಕಡೆ ತಂಗಿ, ಒಂದು ಕಡೆ ಹೆಂಡತಿ. “ನಾ ಏನೂ ಹೇಳಂಗಿಲ್ಲ,” ಎಂದ ಕಸ್ತೂರಿಗೆ. “ನಾ ಏನ ಹೇಳಿದ್ರೂ ಅದು ತಪ್ಪಾಗತೈತಿ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಕಸ್ತೂರಿ ಸುನಂದಾಳ ಹಾಸಿಗೆಯ ಬಳಿ ಹೋದಳು. ಸುನಂದಾಳ ಪಟ್ಟಿಯನ್ನೂ ತೆಗೆದಿದ್ದರು. ಮೂಗಿನಲ್ಲಿ ನಳಿಕೆ. ಅವಳು ಕಸ್ತೂರಿಯ ಬೆರಳು ಹುಡುಕಿ ಹಿಡಿದಳು.

“ವೈನಿ, ಬ್ಯಾಡ್ರಿ. ನಾ ಹ್ಞೂಂ ಅಂದಾಗ ನಿಮಗೇನಾದೀತು ಅನ್ನೂದ ತಲಿಗೇ ಬರಲಿಲ್ಲ. ಈಗ ಬರಾಕತ್ತೈತಿ. ಭಾಳ ಅಂಜಿಕಿ ಬರಾಕತ್ತೈತಿ.”

“ಸಾಯೂದಕ?”

“ಅದಕೂ. ನೀವು ಹೋಗಿ, ನಾ ಉಳದ್ರ ಹೆಂಗ ಅನ್ನೂದಕೂ.”

ಕಸ್ತೂರಿ ಸ್ಟೂಲ್ ಎಳೆದುಕೊಂಡು ಕೂತಳು. ಬೆಳಕು ಹೋಗುವವರೆಗೂ ಕೂತಿದ್ದಳು. ಮಂದಾಕಿನಿ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ತಂಗಿಯನ್ನು ಎಬ್ಬಿಸಿಕೊಂಡು ಮನೆಗೆ ಓಡಬೇಕೆಂದು ಅವಳಿಗೆ ಮೈಯೆಲ್ಲ ಅನ್ನಿಸುತ್ತಿತ್ತು. ಓದಿದ ನೀತಿಶಾಸ್ತ್ರದ ಒಂದು ಸಾಲೂ ನೆನಪಾಗಲಿಲ್ಲ.

ಮರುದಿನ ಬೆಳಗ್ಗೆ ಕಸ್ತೂರಿ ಡಾ. ನಫೀಸಾರ ಎದುರು ನಿಂತಳು. ಪಕ್ಕದಲ್ಲಿ ಡಾ. ಕೌಜಲಗಿ, ಬರಿಯ ಹಣೆಯಲ್ಲಿ. ಮೇಜಿನ ಮೇಲಿನ ಭಯಮಾಪಕ ಕೆಂಪಾಗಿ ಉರಿಯುತ್ತಿತ್ತು, ಯಾರದೆಂದು ಹೇಳುವುದು ಕಷ್ಟವಿತ್ತು.

“ಕೊಡ್ತೀನ್ರಿ,” ಎಂದಳು ಕಸ್ತೂರಿ.

“ಅಂಜಿಕಿ ಐತೇನವಾ?” ಎಂದು ಕೇಳಿದರು ಡಾ. ನಫೀಸಾ.

“ಐತ್ರಿ. ಕಾಲು ನೋಡ್ರಿ ಹೆಂಗ ನಡಗಾಕತ್ತಾವು. ರಾತ್ರಿ ಎಲ್ಲಾ ಅವ್ವನ್ನ ನೆನಸಿಕೊಂಡೆ. ಏನೇನ ಆಗಬಹುದು ಎಲ್ಲಾ ನೆನಸಿಕೊಂಡೆ. ಆದ್ರ ಆಕಿ ಹಂಗ ಹಳದಿಯಾಗಿ ಬಿದ್ದಿರೂದನ್ನ ನೋಡಕೋತ ಇರೂದಕ್ಕೂ ಅಂಜಿಕಿನ ಐತಿ. ಎರಡೂ ತೂಗಿ ನೋಡೇನಿ.” ಉಗುಳು ನುಂಗಿದಳು. “ಒಂದ ಕೇಳಕೋತೀನಿ. ಪಟ್ಟಿ ಮಾತ್ರ ಕಟ್ಟಬ್ಯಾಡ್ರಿ. ನಾ ಇರಬೇಕು ಅಲ್ಲಿ.”

ನಿಯಮದ ಪ್ರಕಾರ ಅದು ಒಪ್ಪಿಗೆಯೇ ಅಲ್ಲ. ಡಾ. ಕೌಜಲಗಿ ಪೆನ್ನು ತೆಗೆದುಕೊಂಡರು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಸಹಿ ಹಾಕಿದರು. “ಕೇಳಿದವರಿಗೆ ನಾ ಉತ್ತರಾ ಕೊಡ್ತೀನಿ,” ಎಂದರು.

ಆಪರೇಷನ್ ಮಧ್ಯಾಹ್ನ ಶುರುವಾಗಿ ಸಂಜೆ ದಾಟಿತು. ನಡುವೆ ಒಮ್ಮೆ ಒಬ್ಬ ನರ್ಸ್ ಮಂಜುಗಡ್ಡೆಯ ಡಬ್ಬಿ ಹಿಡಿದು ಒಳಗೆ ಓಡಿದಾಗ ಮಂದಾಕಿನಿ ಎದ್ದು ನಿಂತಳು. ಅದು ಬೇರೆ ರೋಗಿಗೆ ಎಂದು ತಿಳಿಯುವಷ್ಟರಲ್ಲಿ ಮುತ್ತಣ್ಣನ ಕೈಯನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವನ ಚರ್ಮದಲ್ಲಿ ಉಗುರಿನ ಗುರುತುಗಳು ಮೂಡಿದ್ದವು. ಕೊನೆಗೆ ಡಾ. ನಫೀಸಾ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಆಮೇಲೆ, “ಇಬ್ಬರೂ ಅದಾರ,” ಎಂದರು.

ಕಸ್ತೂರಿ ಕಣ್ಣು ತೆರೆದಾಗ ಮೊದಲು ಕೇಳಿದ್ದು ಸುನಂದಾಳನ್ನು. ಎರಡನೆಯದಾಗಿ ನೀರು.

ಅಕಿನ್ಯಿಗೆ ಫೋನ್ ಮಾಡಿದಾಗ ಇಬ್ಬರೂ ಸ್ವಲ್ಪ ಹೊತ್ತು ಬರೀ ಅತ್ತರು. ತರಗತಿಯಲ್ಲಿ ಮಂದಾಕಿನಿ ನಡೆದದ್ದನ್ನೆಲ್ಲ ಹೇಳಿದಳು. ಲಿಂಡ್‌ಹೋಮ್ ಈ ಸಲ ಒಬ್ಬರ ಮಾತೆಂದು ತಳ್ಳಿಹಾಕಲಿಲ್ಲ. ಕ್ಯಾಮೆರಾ ಆರಿಸಿದರು, ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಆದರೆ ನಿಯಮ ಅಷ್ಟು ಬೇಗ ಬದಲಾಗುವಂಥದ್ದಲ್ಲ. ವಿಚಾರಣೆಯಾಗಬೇಕು, ದೇಶದೇಶಗಳು ಕೂಡಬೇಕು. ಅಲ್ಲಿಯವರೆಗೆ ಜಗತ್ತಿನ ಎಷ್ಟೋ ಊರುಗಳ ತಿಳಿಹಸಿರು ಕೋಣೆಗಳಲ್ಲಿ ಜನ ನಗುತ್ತ ‘ಇಲ್ಲ’ ಎನ್ನುತ್ತಲೇ ಇದ್ದರು. ಮಂದಾಕಿನಿಗೆ ಊಟ ಸೇರುತ್ತಿರಲಿಲ್ಲ.

ಕಸ್ತೂರಿ ಎದ್ದು ಓಡಾಡುವಷ್ಟಾದ ಮೇಲೆ ಒಂದು ಬೆಳಗ್ಗೆ ಡಾ. ಕೌಜಲಗಿ ಮಂದಾಕಿನಿಯನ್ನು ಹುಡುಕಿಕೊಂಡು ಬಂದರು. ಅವರ ಮೇಲೆ ವಿಚಾರಣೆಗೆ ನೋಟೀಸ್ ಬಂದಿತ್ತು. ಆದರೆ ಅವರು ಹೇಳಲು ಬಂದದ್ದು ಬೇರೆ.

“ನಿನ್ನೆ ಒಬ್ಬರು ಬಂದಿದ್ರು. ನವಲಗುಂದದವರು, ಟೇಲರ್. ಹೊಟ್ಟ್ಯಾಗ ಗಡ್ಡಿ. ತೆಗದ್ರ ಉಳೀತಾರ, ಬಿಟ್ರ ಇಲ್ಲ. ನಾ ಪಟ್ಟಿ ಕಟ್ಟಲಿಲ್ಲ. ಎಲ್ಲಾ ಇದ್ದದ್ದು ಇದ್ದಂಗ ಹೇಳಿದೆ. ಕೇಳಕೋತ ಕೇಳಕೋತ ಎದ್ದು ಹೊರಗ ಹೋದವರು ತಿರುಗಿ ಬರಲಿಲ್ಲ.” ಅವರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. “ಪಟ್ಟಿ ಕಟ್ಟಿದ್ದರ ಸಹಿ ಮಾಡ್ತಿದ್ರು. ಉಳೀತಿದ್ರು. ಈಗ ಸತ್ರ ನಾನಽ ಕೊಂದಂಗ ಅಲ್ಲೇನ್ರಿ?”

ಮಂದಾಕಿನಿಗೆ ಆ ಲಾರಿ ಚಾಲಕನ ಮುಖ ಕಣ್ಣ ಮುಂದೆ ಬಂತು.

“ಮನಿ ಎಲ್ಲೈತಿ ಗೊತ್ತೈತೇನ್ರಿ?” ಎಂದು ಕೇಳಿದಳು.

“ಊರು ಗೊತ್ತು. ಕೇಳಿದ್ರ ತೋರಸ್ತಾರ.”

“ನಡೀರಿ ಹಂಗಾರ.”

“ಹೋಗಿ ಏನ ಹೇಳೂದು?”

“ನನಗೂ ಗೊತ್ತಿಲ್ಲ.”

ಅವರು ಬಸ್ಸಿನಲ್ಲಿ ಹೋದರು. ಊರಲ್ಲಿ ಇಬ್ಬರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ಮುಂಬಾಗಿಲಿನ ಪಕ್ಕದಲ್ಲೇ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲೆಯ ಅಂಗಿ. ಯಂತ್ರದ ಹಿಂದೆ ಕೂತಿದ್ದ ಮನುಷ್ಯ ಡಾ. ಕೌಜಲಗಿಯನ್ನು ಕಂಡ ಕೂಡಲೇ ಎದ್ದು ನಿಂತ. ಬಣ್ಣ ಹೋದ ಮುಖ. ಒಂದು ಕೈ ಹೊಟ್ಟೆಯ ಮೇಲಿತ್ತು.

“ನಾ ಬರಂಗಿಲ್ರಿ ಸಾಹೇಬ್ರ,” ಎಂದ. “ಕೈ ಮುಗೀತೀನಿ. ನನಗ ಭಾಳ ಅಂಜಿಕಿ.”

“ಕರಕೊಂಡು ಹೋಗಾಕ ಬಂದಿಲ್ರಿ,” ಎಂದರು ಕೌಜಲಗಿ. “ನನಗೂ ಅಂಜಿಕಿನ. ಸ್ವಲ್ಪ ಹೊತ್ತು ಕೂಡಬಹುದೇನು?”

ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಆಮೇಲೆ ಬೆಂಚಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟು, ಇಬ್ಬರಿಗೂ ಜಾಗ ಮಾಡಿದ.